ಲಕ್ಷಕ್ಕೆ ಸಾವಿರ ಬರ್ತಿದ್ದ ಕಾಲ

ಹೋದ ವಾರ ಬಂಡೀಪಾಳ್ಯ ಎಪಿಎಂಸಿಗೆ ಟೊಮೇಟೊ ಹಾಕಿ, ಅಲ್ಲಿಂದ ಕೆ.ಜಿ. ಕೊಪ್ಪಲಲ್ಲಿರೋ ನಮ್ಮ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಚಿಕ್ಕಪ್ಪನಿಗೆ ಈಗ ಎಂಬತ್ತರ ಹತ್ತಿರ. ನಾನು ಕೂತು ಕಾಫಿ ಲೋಟ ಕೆಳಗಿಡೋದ್ರೊಳಗೆ ಬ್ಯಾಂಕ್ ಪಾಸ್‌ಬುಕ್ ತಂದು ಮುಂದಿಟ್ಟು, "ನೋಡ್ಲಾ ಮಗ, ಬಡ್ಡಿ ಮತ್ತೆ ಇಳ್ದೋಯ್ತಂತೆ. ನಿಂಗೇನು, ಸಾಲ ಮಾಡೋನು, ಖುಷಿ ತಾನೆ?" ಅಂದ್ರು.

ನಗ್ತಾನೇ ಅಂದ್ರು. ಆದ್ರೆ ಆ ಮಾತು ವಾಪಸ್ ಬರ್ತಾ ರಿಂಗ್ ರೋಡ್ ತುಂಬ ತಲೇಲಿ ಸುತ್ತುತ್ತಾ ಇತ್ತು. ಬಡ್ಡಿ ಇಳಿದ್ರೆ ಸಾಲಗಾರನಿಗೆ ಲಾಭ, ಕೂಡಿಟ್ಟೋನಿಗೆ ನಷ್ಟ. ಹೇಳೋಕೆ ಇಷ್ಟೇ. ನಮ್ಮ ಮನೇಲೇ ನಡೆದದ್ದನ್ನ ಒಂದೊಂದಾಗಿ ಬಿಡಿಸಿ ನೋಡಿದ್ರೆ ಅಷ್ಟು ಸುಲಭ ಇಲ್ಲ. ಅದಕ್ಕೇ ಇವತ್ತು ಬೆಳೆ, ಗೊಬ್ಬರದ ವಿಷಯ ಬಿಟ್ಟು ಬಡ್ಡಿಯ ಕತೆ ಬರೀತೀನಿ. ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ. ನಮ್ಮೂರಲ್ಲಿ ಒಬ್ಬರು ಜಮೀನು ಮಾರೋ ಯೋಚನೇಲಿದ್ದಾರೆ. ಅವರಿಗೂ ಸೇರಿಸಿಯೇ ಬರೀತಿರೋದು.

ನಮ್ಮಪ್ಪ, ಚಿಕ್ಕಪ್ಪ ಇಬ್ಬರೇ ಅಣ್ಣತಮ್ಮಂದಿರು. ಅಪ್ಪ ಊರಲ್ಲಿ ಬೇಸಾಯಕ್ಕೆ ಉಳಿದ್ರು. ಚಿಕ್ಕಪ್ಪ ಮೈಸೂರಿನ ಒಂದು ಕಾರ್ಖಾನೆ ಸೇರಿದ್ರು. 1996ರಲ್ಲಿ, ಐವತ್ತು ವರ್ಷಕ್ಕೇ, ಸ್ವಯಂ ನಿವೃತ್ತಿ ತಗೊಂಡು ಮನೇಲಿ ಕೂತ್ರು. ಕೈಗೆ ಬಂದದ್ದು ನಾಲ್ಕು ಲಕ್ಷ. ಅಷ್ಟನ್ನೂ ಮೈಸೂರು ಬ್ಯಾಂಕಲ್ಲಿ ಠೇವಣಿ ಇಟ್ರು. ಆಗ ಬಡ್ಡಿ ಶೇ 12. ಲಕ್ಷಕ್ಕೆ ತಿಂಗಳಿಗೆ ಸಾವಿರ. ಆ ಕಾಲದ ಮೈಸೂರಲ್ಲಿ ಪಿಂಚಣಿದಾರರಿಗೆಲ್ಲ ಬಾಯಿಪಾಠ ಆಗಿದ್ದ ಲೆಕ್ಕ ಅದು: "ಲಕ್ಷಕ್ಕೆ ಸಾವಿರ." ನಾಲ್ಕು ಲಕ್ಷಕ್ಕೆ ನಾಲ್ಕು ಸಾವಿರ. ಸಂಸಾರ ನಡೀತಿತ್ತು, ಹಬ್ಬಕ್ಕೆ ಊರಿಗೆ ಬರುವಾಗ ಮಕ್ಕಳಿಗೆಲ್ಲ ಬಟ್ಟೆನೂ ಬರ್ತಿತ್ತು.

ಅದೇ ವರ್ಷ ನಮ್ಮಪ್ಪ ಬೋರ್‌ವೆಲ್‌ಗೆ ಮಾಡಿದ್ದ ಸಾಲಕ್ಕೆ ಶೇ 12ಕ್ಕಿಂತ ಜಾಸ್ತಿನೇ ಕಟ್ತಿದ್ರು. ಬ್ಯಾಂಕು ಅಂದ್ರೆ ಇದೇ ಅಲ್ವಾ. ಒಬ್ಬನ ದುಡ್ಡು ಇನ್ನೊಬ್ಬನಿಗೆ ಸಾಲವಾಗಿ ಹೋಗುತ್ತೆ, ಅವನು ಕಟ್ಟಿದ ಬಡ್ಡಿ ಇವನ ಪಾಸ್‌ಬುಕ್ಕಿಗೆ ಬರುತ್ತೆ. ಅಣ್ಣ ಹೊಲದಲ್ಲಿ ಬೆವರು ಸುರಿಸಿ ಬಡ್ಡಿ ಕಟ್ತಿದ್ದ, ತಮ್ಮ ಕೊಪ್ಪಲಲ್ಲಿ ಕೂತು ಬಡ್ಡಿ ತಿಂತಿದ್ದ. ಇಬ್ಬರಿಗೂ ಇದು ಗೊತ್ತಿರಲಿಲ್ಲ. ಗೊತ್ತಿದ್ರೂ ಜಗಳ ಆಡ್ತಿರಲಿಲ್ಲ ಬಿಡಿ.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ. ಬಡ್ಡಿ ಇಳಿಸಬೇಕು ಅನ್ನೋ ಕೂಗು ನಮ್ಮ ಸೀಮೆಗೆ ಹೊಸದಲ್ಲ.

ಮೈಸೂರು ಸಂಸ್ಥಾನದಲ್ಲಿ ರೈತನಿಗೆ ಸಾಲ ಅಂದ್ರೆ ಸಾಹುಕಾರ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ, ಮೂರು ರೂಪಾಯಿ. ವರ್ಷದ ಲೆಕ್ಕ ಹಾಕಿದ್ರೆ ಶೇ 24, ಶೇ 36. ಇದನ್ನ ಮುರಿಯೋಕೆ 1905ರಲ್ಲಿ ಸಂಸ್ಥಾನದ ಸಹಕಾರಿ ಕಾನೂನು ಬಂತು. 1913ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕ್ ಶುರುವಾಯ್ತು. 1928ರಲ್ಲಿ ಸಾಲಗಾರ ರೈತರ ರಕ್ಷಣೆಗೆ ಅಂತ ಒಂದು ಕಾಯ್ದೆ ಬಂತು. 1929ರಲ್ಲಿ ಜಮೀನಿನ ಮೇಲೆ ದೀರ್ಘಾವಧಿ ಸಾಲ ಕೊಡೋ ಭೂ ಅಡಮಾನ ಬ್ಯಾಂಕ್ ಬಂತು.

ಸಾಲ ಸಿಗೋ ಬಾಗಿಲು ಜಾಸ್ತಿ ಆಯ್ತು ಅನ್ನೋ ಹೊತ್ತಿಗೆ ಸರಿಯಾಗಿ ಜಗತ್ತಿನ ಮಹಾ ಕುಸಿತ ಬಂತು. 1929ರಿಂದ ಮೂರ್ನಾಲ್ಕು ವರ್ಷದಲ್ಲಿ ದವಸದ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಬಿತ್ತು. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ನಿಮ್ಮ ತಾತ ನೂರು ರೂಪಾಯಿ ಸಾಲ ಮಾಡಿದ್ದಾಗ ಹತ್ತು ಪಲ್ಲ ರಾಗಿ ಮಾರಿದ್ರೆ ತೀರ್ತಿತ್ತು ಅಂತ ಇಟ್ಕೊಳ್ಳಿ. ಬೆಲೆ ಅರ್ಧ ಆದ ಮೇಲೆ ಅದೇ ನೂರಕ್ಕೆ ಇಪ್ಪತ್ತು ಪಲ್ಲ ಬೇಕು. ಬಡ್ಡಿ ಒಂದು ಕಾಸೂ ಏರಿಲ್ಲ, ಆದ್ರೂ ಸಾಲ ಎರಡರಷ್ಟಾಯ್ತು. ಕಾಗದದ ಮೇಲಿನ ಬಡ್ಡಿ ಎಷ್ಟೇ ಇರಲಿ, ಬೆಳೆದ ಮಾಲಿನ ಬೆಲೆ ಬಿದ್ರೆ ಸಾಲಗಾರ ಮುಳುಗಿದ.

ಹತ್ತು ವರ್ಷ ಕಳೆದ್ರೆ ಉಲ್ಟಾ. 1935ರಲ್ಲಿ ಹುಟ್ಟಿದ ರಿಸರ್ವ್ ಬ್ಯಾಂಕು ತನ್ನ ದರವನ್ನ ಆ ವರ್ಷದ ಕೊನೆಗೆ ಶೇ 3ಕ್ಕೆ ತಂದಿದ್ದು 1951ರ ನವೆಂಬರ್ ತನಕ ಮುಟ್ಟಲೇ ಇಲ್ಲ. ನಡುವೆ ಎರಡನೇ ಮಹಾಯುದ್ಧ. ಸಾಮಾನಿನ ಬೆಲೆ ಎರಡು ಪಟ್ಟು ಮೀರಿ ಹೋಯ್ತು. ಸರ್ಕಾರದ ಲೆವಿಗೆ ಕೊಟ್ಟು ಉಳಿದ ಧಾನ್ಯ ಇದ್ದೋರು ಹಳೇ ಸಾಲ ತೀರಿಸ್ಕೊಂಡ್ರು. ಬ್ಯಾಂಕಲ್ಲಿ, ಅಂಚೆ ಕಚೇರೀಲಿ ದುಡ್ಡಿಟ್ಟು ಕೂತಿದ್ದ ಪಟ್ಟಣದ ಗುಮಾಸ್ತರು, ಮೇಷ್ಟ್ರುಗಳು ಸದ್ದಿಲ್ಲದೆ ಬಡವರಾದ್ರು. ಯಾರೂ ಕದೀಲಿಲ್ಲ. ಪಾಸ್‌ಬುಕ್ಕಲ್ಲಿ ಒಂದು ರೂಪಾಯಿನೂ ಕಮ್ಮಿ ಆಗಿರಲಿಲ್ಲ. ಆದ್ರೆ ಆ ದುಡ್ಡಿಗೆ ಮೊದಲು ಬರ್ತಿದ್ದ ಅಕ್ಕಿಲಿ ಅರ್ಧನೂ ಬರ್ತಿರಲಿಲ್ಲ.

1976ರಲ್ಲಿ ನಮ್ಮ ಹುಣಸೂರು ಸೀಮೆಯವರೇ ಆದ ದೇವರಾಜ ಅರಸು ಮುಖ್ಯಮಂತ್ರಿ ಆಗಿದ್ದಾಗ ಋಣ ಪರಿಹಾರ ಕಾಯ್ದೆ ಬಂತು. ಸಣ್ಣ ರೈತರು, ಕೂಲಿಕಾರರು, ದುರ್ಬಲರು ಸಾಹುಕಾರರಿಂದ ತಂದಿದ್ದ ಸಾಲ ರದ್ದು, ಒತ್ತೆ ಇಟ್ಟ ಒಡವೆ ಪಾತ್ರೆ ವಾಪಸ್. ನಮ್ಮಜ್ಜಿ ಸಾಯೋ ತನಕ ಅರಸರನ್ನ ನೆನೀತಿದ್ರು, ಅವರ ಒಂದು ಜೊತೆ ಬೆಂಡೋಲೆ ಮನೆಗೆ ಬಂದಿತ್ತು. ಅದೇ ಅಜ್ಜಿ ಇನ್ನೊಂದು ಮಾತೂ ಹೇಳ್ತಿದ್ರು: ಆಮೇಲೆ ಎರಡು ವರ್ಷ ನಮ್ಮೂರಲ್ಲಿ ಯಾರೂ ಯಾರಿಗೂ ಕೈಸಾಲ ಕೊಡ್ಲಿಲ್ಲ ಅಂತ. ಬಡ್ಡಿ ಸೊನ್ನೆ ಆದ ದಿನ ಸಾಲ ಕೊಡೋನೂ ಸೊನ್ನೆ. ಈ ಎರಡು ಮಾತನ್ನೂ ಒಟ್ಟಿಗೇ ನೆನಪಿಟ್ಕೊಳ್ಳಿ.

ಈಗ ಚಿಕ್ಕಪ್ಪನ ಪಾಸ್‌ಬುಕ್ಕಿಗೆ ಬರೋಣ.

1991ರ ಅಕ್ಟೋಬರಲ್ಲಿ ರಿಸರ್ವ್ ಬ್ಯಾಂಕಿನ ದರ ಶೇ 12ಕ್ಕೆ ಏರಿತ್ತು. ದೇಶದ ಖಜಾನೆ ಬರಿದಾಗಿ ಚಿನ್ನ ಅಡ ಇಟ್ಟ ವರ್ಷ ಅದು. ಆಮೇಲೆ ನಿಧಾನಕ್ಕೆ ಇಳೀತಾ ಬಂದು 2003ರ ಏಪ್ರಿಲಿಗೆ ಶೇ 6. ಪಿಪಿಎಫ್ ಬಡ್ಡಿ 2000ದ ಜನವರಿ ತನಕ ಶೇ 12 ಇದ್ದದ್ದು 2003ರ ಮಾರ್ಚಿಗೆ ಶೇ 8. ನಮ್ಮ ರೈತರಿಗೆ ಚೆನ್ನಾಗಿ ಗೊತ್ತಿರೋದು ಕಿಸಾನ್ ವಿಕಾಸ ಪತ್ರ. 1988ರಲ್ಲಿ ಬಂದಾಗ ಐದೂವರೆ ವರ್ಷಕ್ಕೆ ದುಡ್ಡು ಡಬಲ್. 2003ರ ಹೊತ್ತಿಗೆ ಅದೇ ಡಬಲ್‌ಗೆ ಎಂಟು ವರ್ಷ ಏಳು ತಿಂಗಳು. 2020ರ ಏಪ್ರಿಲಲ್ಲಿ ಹತ್ತು ವರ್ಷ ನಾಲ್ಕು ತಿಂಗಳು. ಈಗ ಒಂಬತ್ತು ವರ್ಷ ಏಳು ತಿಂಗಳು. ಮಗಳು ಹುಟ್ಟಿದಾಗ ಪತ್ರ ತಗೊಂಡ್ರೆ, 1988ರ ಲೆಕ್ಕದಲ್ಲಿ ಅವಳ ಇಪ್ಪತ್ತೆರಡನೇ ವರ್ಷಕ್ಕೆ ನಾಲ್ಕು ಸಲ ಡಬಲ್, ಅಂದ್ರೆ ಒಂದಕ್ಕೆ ಹದಿನಾರು. 2020ರ ಲೆಕ್ಕದಲ್ಲಿ ಎರಡೇ ಸಲ, ಒಂದಕ್ಕೆ ನಾಲ್ಕು ಚಿಲ್ಲರೆ.

ಇದಕ್ಕೊಂದು ಸುಲಭದ ಲೆಕ್ಕ ಇದೆ, ಕೈಬೆರಳಲ್ಲೇ ಆಗುತ್ತೆ. 72ನ್ನ ಬಡ್ಡಿ ದರದಿಂದ ಭಾಗಿಸಿ, ಎಷ್ಟು ಬರುತ್ತೋ ಅಷ್ಟು ವರ್ಷಕ್ಕೆ ಡಬಲ್. ಶೇ 12 ಆದ್ರೆ ಆರು ವರ್ಷ. ಶೇ 6 ಆದ್ರೆ ಹನ್ನೆರಡು. ಉಳಿತಾಯ ಖಾತೇಲಿ ಸುಮ್ಮನೆ ಬಿಟ್ಟ ದುಡ್ಡಿಗೆ ಸ್ಟೇಟ್ ಬ್ಯಾಂಕು ಈಗ ಕೊಡೋದು ಶೇ 2.5. ಅದು ಡಬಲ್ ಆಗೋಕೆ ಇಪ್ಪತ್ತೊಂಬತ್ತು ವರ್ಷ ಬೇಕು. ಅದೇ ಊರಲ್ಲಿ ಎರಡು ರೂಪಾಯಿ ಬಡ್ಡಿಗೆ ತಂದ ಕೈಸಾಲ? ಮೂರು ವರ್ಷಕ್ಕೆ ಡಬಲ್.

2017ರ ಏಪ್ರಿಲ್ 1ಕ್ಕೆ ಮೈಸೂರು ಬ್ಯಾಂಕು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಸೇರಿತು. ಬೋರ್ಡು ಬದಲಾಯ್ತು. ಚಿಕ್ಕಪ್ಪ ಈಗಲೂ "ಮೈಸೂರ್ ಬ್ಯಾಂಕು" ಅಂತಲೇ ಹೇಳೋದು. 2020ರಲ್ಲಿ ಕೊರೊನಾ ಬಂತು. ಮಾರ್ಚಲ್ಲಿ ರೆಪೊ ದರ 5.15ರಿಂದ 4.40ಕ್ಕೆ, ಮೇ ತಿಂಗಳಲ್ಲಿ 4ಕ್ಕೆ ಇಳೀತು. ಸೆಪ್ಟೆಂಬರ್ ಹೊತ್ತಿಗೆ ಒಂದು ವರ್ಷದ ಠೇವಣಿಗೆ ಶೇ 4.9, ಹಿರಿಯರಿಗೆ ಅರ್ಧ ಜಾಸ್ತಿ. ಚಿಕ್ಕಪ್ಪನ ಅದೇ ನಾಲ್ಕು ಲಕ್ಷಕ್ಕೆ ತಿಂಗಳಿಗೆ 1,800 ರೂಪಾಯಿ. 1996ರಲ್ಲಿ ನಾಲ್ಕು ಸಾವಿರ ಬರ್ತಿತ್ತು, ಈ ಇಪ್ಪತ್ತನಾಲ್ಕು ವರ್ಷದಲ್ಲಿ ಸಾಮಾನಿನ ಬೆಲೆ ನಾಲ್ಕೂವರೆ ಪಟ್ಟು ಆಗಿದೆ. ಚಿಕ್ಕವ್ವ ಆ ವರ್ಷ ಬಿಪಿ ಮಾತ್ರೆನ ದಿನ ಬಿಟ್ಟು ದಿನ ತಗೋತಿದ್ರು. ಅದು ನಮಗೆ ಗೊತ್ತಾಗಿದ್ದು ಅವರು ತಲೆಸುತ್ತಿ ಬಿದ್ದ ಮೇಲೆ.

ಆಗ ನಾನು ಕೂತು ಹಳೇ ಲೆಕ್ಕ ಎಲ್ಲ ತೆಗೆದೆ. ಒಂದು ವಿಷಯ ನೋಡಿ ನನಗೇ ಆಶ್ಚರ್ಯ ಆಯ್ತು. ಚಿಕ್ಕಪ್ಪ ಹೇಳೋ ಆ ಬಂಗಾರದ ಕಾಲ ಅಷ್ಟೇನೂ ಬಂಗಾರ ಆಗಿರಲಿಲ್ಲ. 1998 ನೆನಪಿದೆಯಾ? ಈರುಳ್ಳಿ ಬೆಲೆ ಸರ್ಕಾರ ಬೀಳಿಸಿದ ವರ್ಷ. 1998-99ರಲ್ಲಿ ಕಾರ್ಮಿಕರ ಬೆಲೆ ಸೂಚ್ಯಂಕ ಶೇ 13 ಏರಿತ್ತು. ಬ್ಯಾಂಕು ಹನ್ನೊಂದೋ ಹನ್ನೆರಡೋ ಕೊಟ್ರೂ ಅಸಲು ಒಳಗೊಳಗೇ ಕರಗ್ತಿತ್ತು. 2003-04ರಲ್ಲಿ ಬಡ್ಡಿ ಆರಕ್ಕೆ ಇಳಿದಾಗ ಎಲ್ಲರೂ ಬಾಯಿ ಬಡ್ಕೊಂಡ್ರು, ಆದ್ರೆ ಆ ವರ್ಷ ಬೆಲೆ ಏರಿದ್ದು ಶೇ 4ರಷ್ಟೇ. ಅಂದ್ರೆ 12 ಕೊಟ್ಟ ಕಾಲದಲ್ಲಿ ಸೋತ, 6 ಕೊಟ್ಟ ಕಾಲದಲ್ಲಿ ಗೆದ್ದ. 2020-21ರಲ್ಲಿ ಮಾತ್ರ ಎರಡೂ ಕಡೆ ಏಟು: ಬಡ್ಡಿ ಐದು ಚಿಲ್ಲರೆ, ಬೆಲೆ ಏರಿದ್ದು ಆರು ಚಿಲ್ಲರೆ. ಚಿಕ್ಕಪ್ಪ ಬಡ್ಡಿಯಷ್ಟೂ ಖರ್ಚು ಮಾಡಿದ್ರಿಂದ ಮೂವತ್ತು ವರ್ಷ ಆದ್ರೂ ಅಸಲು ನಾಲ್ಕು ಲಕ್ಷದಲ್ಲೇ ನಿಂತಿದೆ. ಅವರ ನಿಜವಾದ ನಷ್ಟ ಇರೋದು ಅಲ್ಲಿ. ಬಡ್ಡೀಲಿ ಸ್ವಲ್ಪನಾದ್ರೂ ವಾಪಸ್ ಅಸಲಿಗೆ ಸೇರಿಸದೇ ಇದ್ರೆ, ಬಿತ್ತನೆ ರಾಗಿನೇ ಬೀಸಿ ಮುದ್ದೆ ಮಾಡ್ದಂಗೆ.

ಸರಿ, ಕೂಡಿಟ್ಟೋನು ಸೋತ. ಹಂಗಾದ್ರೆ ಸಾಲ ಮಾಡಿದ ನಾನು ಗೆದ್ದೆನಾ?

ಇಲ್ಲ. ಇದು ಬಹಳ ಜನಕ್ಕೆ ಗೊತ್ತಿಲ್ಲ. ರೆಪೊ ಇಳಿದ ತಕ್ಷಣ ಬಡ್ಡಿ ಇಳಿಯೋದು ಚಲಿಸುವ ದರದ ಸಾಲಕ್ಕೆ. 2019ರ ಅಕ್ಟೋಬರಿಂದ ಅಂಥ ಹೊಸ ಮನೆ ಸಾಲ, ಸಣ್ಣ ಉದ್ದಿಮೆ ಸಾಲಗಳನ್ನ ರೆಪೊ ಥರದ ಹೊರಗಿನ ದರಕ್ಕೆ ಕಟ್ಟಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ನನ್ನ ಟ್ರಾಕ್ಟರ್ ಸಾಲ ಸ್ಥಿರ ದರದ್ದು. ರೆಪೊ ಪಾತಾಳಕ್ಕೆ ಹೋದ್ರೂ ನನ್ನ ಕಂತು ಒಂದು ರೂಪಾಯಿ ಇಳೀಲಿಲ್ಲ. ಬೆಳೆ ಸಾಲ ಬೇರೆ ದಾರೀದು. 2006-07ರಿಂದ ಕೇಂದ್ರದ ಸಹಾಯಧನದಲ್ಲಿ ಮೂರು ಲಕ್ಷದ ತನಕ ಶೇ 7, ಆಮೇಲಾಮೇಲೆ ಸರಿಯಾಗಿ ಕಟ್ಟಿದೋರಿಗೆ ಶೇ 4. ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಮೂಲಕ ಇನ್ನೂ ಇಳಿಸಿ ಇಳಿಸಿ ಸೊನ್ನೆಗೇ ತಂದ್ರು. ಆ ಮಿತಿ ಮೂರು ಲಕ್ಷ ಇದ್ದದ್ದು 2023ರಲ್ಲಿ ಐದು ಲಕ್ಷ ಆಯ್ತು. ಅಂದ್ರೆ ನಮ್ಮ ಬಡ್ಡಿ ತೀರ್ಮಾನ ಆಗೋದು ಬಜೆಟ್ಟಲ್ಲಿ, ರಿಸರ್ವ್ ಬ್ಯಾಂಕಲ್ಲಿ ಅಲ್ಲ.

ಸೊನ್ನೆ ಬಡ್ಡಿಗೂ ಒಂದು ಷರತ್ತಿದೆ, ಗಡುವಿನೊಳಗೆ ಕಟ್ಟಬೇಕು. ಒಂದು ವರ್ಷ ಶುಂಠಿ ರೇಟು ಏರುತ್ತೆ ಅಂತ ಕಾದು ನಾನು ಹನ್ನೊಂದು ದಿನ ತಡ ಮಾಡಿದೆ. ವರ್ಷದ ಬಡ್ಡಿ ಪೂರ್ತಿ ಬಿತ್ತು. ತಪ್ಪು ನನ್ನದೇ. ಇನ್ನೊಂದು ಗುಟ್ಟು, ಗುಟ್ಟೇನಲ್ಲ ಎಲ್ಲರಿಗೂ ಗೊತ್ತು: ಸೊನ್ನೆಗೆ ತಂದ ದುಡ್ಡನ್ನ ಠೇವಣಿ ಇಡೋರು, ಎರಡು ರೂಪಾಯಿಗೆ ಬಡ್ಡಿಗೆ ಬಿಡೋರು ನಮ್ಮಲ್ಲೇ ಇದ್ದಾರೆ. ಜಮೀನು ಜಾಸ್ತಿ ಇದ್ದೋನಿಗೆ ಸೊನ್ನೆ. ಪಹಣಿ ಇಲ್ಲದ ಕೂಲಿ ಹೆಣ್ಣುಮಗಳಿಗೆ ಮೈಕ್ರೋಫೈನಾನ್ಸು, ಶೇ 24ರ ಆಸುಪಾಸು. ರೆಪೊ 4ಕ್ಕೆ ಇಳಿದದ್ದು ಅವಳ ಬಾಗಿಲಿಗೆ ಬರಲೇ ಇಲ್ಲ. 2025ರ ಜನವರೀಲಿ ನಂಜನಗೂಡು, ಚಾಮರಾಜನಗರದ ಕಡೆ ಮನೆಗೆ ಬೀಗ ಹಾಕಿ ಊರು ಬಿಟ್ಟ ಕುಟುಂಬಗಳ ಸುದ್ದಿ ಓದಿದ್ದೀರಿ. ಫೆಬ್ರವರೀಲಿ ಸರ್ಕಾರ ಸುಗ್ರೀವಾಜ್ಞೆ ತಂತು. ಅಗ್ಗದ ಸಾಲ ಮೊದಲು ಸಿಗೋದು ಆಸ್ತಿ ಇರೋನಿಗೆ. 1905ರಲ್ಲೂ ಇದೇ ಸಮಸ್ಯೆ, ಇವತ್ತೂ ಇದೇ.

ಹಂಗಾದ್ರೆ 2020ರ ಅಗ್ಗದ ಬಡ್ಡಿ ಲಾಭ ಯಾರಿಗೆ ಹೋಯ್ತು? ಒಂದು ಪಾಲು ನಮ್ಮ ಜಮೀನಿನ ಬೇಲಿ ತನಕ ಬಂತು, ಆದ್ರೆ ಸೈಟಿನ ರೂಪದಲ್ಲಿ.

ಲೆಕ್ಕ ನೋಡಿ. ಮನೆ ಸಾಲ ಶೇ 10 ಇದ್ದಾಗ, ಇಪ್ಪತ್ತು ವರ್ಷಕ್ಕೆ ಲಕ್ಷಕ್ಕೆ ತಿಂಗಳ ಕಂತು 965 ರೂಪಾಯಿ. 2021ರ ಮಾರ್ಚಲ್ಲಿ ಶೇ 6.7ಕ್ಕೆ ಇಳಿದಾಗ 757. ತಿಂಗಳಿಗೆ ಹದಿನೈದು ಸಾವಿರ ಕಟ್ಟೋ ಶಕ್ತಿ ಇರೋ ಒಬ್ಬ ನೌಕರನಿಗೆ ಮೊದಲು ಹದಿನೈದೂವರೆ ಲಕ್ಷ ಸಾಲ ಹುಟ್ತಿತ್ತು. ಈಗ ಹತ್ತಿರ ಹತ್ತಿರ ಇಪ್ಪತ್ತು ಲಕ್ಷ. ಅವನ ಸಂಬಳ ಏರಿಲ್ಲ, ಕೈಲಿ ಮಾತ್ರ ನಾಲ್ಕು ಲಕ್ಷ ಜಾಸ್ತಿ. ಅಂಥೋರು ನೂರು ಜನ ಒಂದೇ ಬಡಾವಣೆಗೆ ಬಂದ್ರೆ ಆ ನಾಲ್ಕು ಲಕ್ಷ ಸೇರೋದು ಸೈಟಿನ ರೇಟಿಗೆ. ಸೈಟಿನ ರೇಟು ಏರಿದ್ರೆ ಬಡಾವಣೆ ಮಾಡೋರು ರಿಂಗ್ ರೋಡ್ ದಾಟಿ ನಮ್ಮ ಊರಿಗೆ ಬರ್ತಾರೆ. ಬ್ಯಾಂಕಲ್ಲಿ ಏನೂ ಹುಟ್ಟಲ್ಲ ಅಂತ ದುಡ್ಡಿದ್ದೋರೂ ಭೂಮಿ ಮೇಲೇ ಹಾಕ್ತಾರೆ.

ಮೈಸೂರಿನ ಲೀಸ್ ಮನೆ ವ್ಯವಹಾರದಲ್ಲೂ ಇದನ್ನ ಕಣ್ಣಾರೆ ನೋಡಬಹುದು. ಚಿಕ್ಕಪ್ಪ 1997ರಲ್ಲಿ ಮಹಡಿ ಮನೆನ ಒಂದು ಲಕ್ಷಕ್ಕೆ ಲೀಸ್ ಕೊಟ್ಟಿದ್ರು. ಆ ಲಕ್ಷದ ಬಡ್ಡಿ ಸಾವಿರ, ಅದೇ ಬಾಡಿಗೆ ಇದ್ದಂಗೆ. 2020ರಲ್ಲಿ ಅದೇ ಮನೆಗೆ ಬಾಡಿಗೆ ಐದು ಸಾವಿರ. ಬಡ್ಡಿ 12 ಇದ್ದಿದ್ರೆ ಐದು ಲಕ್ಷ ಲೀಸ್ ಸಾಕಿತ್ತು. ಬಡ್ಡಿ 5 ಆದಾಗ ಹನ್ನೆರಡು ಲಕ್ಷ ಕೇಳಬೇಕು. ಅಷ್ಟು ದುಡ್ಡು ಒಟ್ಟಿಗೆ ಇರೋ ಬಾಡಿಗೆದಾರ ಎಲ್ಲಿ ಸಿಗ್ತಾನೆ? ನಮ್ಮ ಕಡೆ ಭೋಗ್ಯಕ್ಕೆ ಹಾಕೋ ಜಮೀನಿನ ಲೆಕ್ಕನೂ ಇದೇ. ಭೋಗ್ಯದ ಮೊತ್ತ ಬರೆಯೋ ಮುಂಚೆ ಆ ದುಡ್ಡಿಗೆ ಆ ವರ್ಷ ಎಷ್ಟು ಹುಟ್ಟುತ್ತೆ ಅಂತ ನೋಡಿ.

ನನ್ನ ದಾಯಾದಿ ಅಣ್ಣ ಒಬ್ಬರು 2021ರಲ್ಲಿ ಮೂವತ್ತು ಗುಂಟೆ ಮಾರಿದ್ರು. ಅರವತ್ತು ಲಕ್ಷ ಬಂತು. "ಇನ್ನು ನೇಗಿಲು ಹಿಡಿಯಲ್ಲ, ಬಡ್ಡಿಲೇ ಬದುಕ್ತೀನಿ" ಅಂದ್ರು. ಮನೆಗೆ ಇಪ್ಪತ್ತು, ಮಗಳ ಮದುವೆಗೆ ಹದಿನೈದು. ಉಳಿದದ್ದು ಇಪ್ಪತ್ತೈದು. ಶೇ 5ಕ್ಕೆ ವರ್ಷಕ್ಕೆ ಒಂದೂಕಾಲು ಲಕ್ಷ, ತಿಂಗಳಿಗೆ ಹತ್ತು ಸಾವಿರದ ನಾನೂರು. ಅವರು ತಲೇಲಿ ಇಟ್ಕೊಂಡಿದ್ದು ಚಿಕ್ಕಪ್ಪನ ಲೆಕ್ಕ, ಲಕ್ಷಕ್ಕೆ ಸಾವಿರ. ಭೂಮಿ ಮಾರಿದ್ದು ಮಾತ್ರ ಬಡ್ಡಿ ಐದಿದ್ದ ಕಾಲದಲ್ಲಿ. ಇನ್ನೊಂದು ಮರೆತಿದ್ರು: ಬೇಸಾಯದ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಬ್ಯಾಂಕ್ ಬಡ್ಡಿ ತೆರಿಗೆ ಲೆಕ್ಕಕ್ಕೆ ಬರುತ್ತೆ. ಈಗ ಅವರು ಅದೇ ಬಡಾವಣೇಲಿ ರಾತ್ರಿ ಕಾವಲಿಗಿದ್ದಾರೆ. ನಾಚಿಕೆ ಪಡೋ ಕೆಲಸ ಏನಲ್ಲ. ಆದ್ರೆ ಒಂದು ಕಾಲದಲ್ಲಿ ತಾವೇ ರಾಗಿ ಬಿತ್ತಿದ ಜಾಗ.

ಈಗ ಇವತ್ತಿನದು. 2025ರ ಫೆಬ್ರವರೀಲಿ 6.50 ಇದ್ದ ರೆಪೊ ಡಿಸೆಂಬರ್ ಹೊತ್ತಿಗೆ 5.25ಕ್ಕೆ ಇಳೀತು. ಚಿಕ್ಕಪ್ಪ ಹೇಳಿದಂಗೆ ನಾನು ಖುಷಿ ಪಡಬೇಕು. ಆದ್ರೆ 2025ರ ಅಕ್ಟೋಬರಲ್ಲಿ ದೇಶದ ಬೆಲೆ ಏರಿಕೆ ಕಾಲು ಪರ್ಸೆಂಟಿಗೆ ಇಳಿದಿತ್ತು. ಆಹಾರದ ಬೆಲೆ ಹಿಂದಿನ ವರ್ಷಕ್ಕಿಂತ ಶೇ 5 ಕಮ್ಮಿ. ಆಹಾರ ಅಂದ್ರೆ ಯಾರದ್ದು? ನಮ್ಮದೇ. ಅಂದ್ರೆ ಪಟ್ಟಣದಲ್ಲಿ ಕೂಡಿಟ್ಟೋನಿಗೆ ಬಡ್ಡಿ ಆರು ಬಂದ್ರೂ ಅಷ್ಟೂ ಉಳೀತು. ನನ್ನ ಟ್ರಾಕ್ಟರ್ ಕಂತು ತೀರಿಸೋಕೆ ಮಾತ್ರ ಹೋದ ವರ್ಷಕ್ಕಿಂತ ಜಾಸ್ತಿ ಕ್ರೇಟು ಟೊಮೇಟೊ ಬೇಕಾಯ್ತು. ತಾತನ ಹತ್ತು ಪಲ್ಲ ಇಪ್ಪತ್ತಾದ ಕತೆ ನೆನಪಾಯ್ತಾ? ಅಷ್ಟು ಘೋರ ಅಲ್ಲ, ಆದ್ರೆ ದಾರಿ ಅದೇ.

ಅದಕ್ಕೇ ನಾನು ಪಾಲಿಸ್ತಿರೋದು ಇಷ್ಟು. ಸಾಲ ತಗೊಳ್ಳುವಾಗ ಬಡ್ಡಿ ಎಷ್ಟು ಅನ್ನೋದರ ಜೊತೆಗೆ, ನನ್ನ ಬೆಳೆ ರೇಟು ಅರ್ಧ ಆದ್ರೂ ಕಂತು ಕಟ್ಟೋಕೆ ಆಗುತ್ತಾ ಅಂತ ಲೆಕ್ಕ ಹಾಕ್ತೀನಿ. ಸ್ಥಿರ ದರನಾ, ಚಲಿಸೋ ದರನಾ ಅಂತ ಬರವಣಿಗೇಲೇ ಕೇಳ್ತೀನಿ. ಸೊನ್ನೆ ಬಡ್ಡಿ ಸಾಲದ ಗಡುವನ್ನ ಕ್ಯಾಲೆಂಡರಲ್ಲಿ ಕೆಂಪು ಶಾಯೀಲಿ ಬರೆದಿದ್ದೀನಿ. ಮನೇಲಿ ಅರವತ್ತು ದಾಟಿದೋರ ದುಡ್ಡಿದ್ರೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆ ನೋಡಿ. 2020ರಲ್ಲಿ ಅದೂ 7.4ಕ್ಕೆ ಇಳಿದಿತ್ತು, 2023ರ ಏಪ್ರಿಲಿಂದ ಶೇ 8.2, ಮೂವತ್ತು ಲಕ್ಷದ ತನಕ ಇಡಬಹುದು. ಚಿಕ್ಕಪ್ಪನ ಕರ್ಕೊಂಡ್ಹೋಗಿ ಅಲ್ಲಿ ಹಾಕಿಸಿದೆ, ಈಗ ಮೂರು ತಿಂಗಳಿಗೊಮ್ಮೆ 8,200 ಬರುತ್ತೆ. ಐದು ವರ್ಷ ದರ ಬದಲಾಗಲ್ಲ. ಮತ್ತೆ ಯಾಕೆ ಪಾಸ್‌ಬುಕ್ ಹಿಡ್ಕೊಂಡು ಯೋಚನೆ ಮಾಡ್ತೀರಾ ಅಂತ ಕೇಳಿದ್ದಕ್ಕೆ, "ಐದು ವರ್ಷ ಆದ್ಮೇಲೆ?" ಅಂದ್ರು. ಉತ್ತರ ನನ್ನತ್ರ ಇರಲಿಲ್ಲ.

ಜಮೀನು ಮಾರೋ ಯೋಚನೇಲಿರೋ ಅಣ್ಣನಿಗೆ ಮಾರಬೇಡಿ ಅಂತ ನಾನು ಹೇಳಲ್ಲ. ಅವರ ಮನೆ ಕಷ್ಟ ಅವರಿಗೇ ಗೊತ್ತು. ಒಂದೇ ಮಾತು: ಬರೋ ದುಡ್ಡಿಗೆ ಇವತ್ತಿನ ಆರರ ಲೆಕ್ಕ ಬೇಡ, ನಾಲ್ಕೂವರೆ ಐದರ ಲೆಕ್ಕ ಹಾಕಿ. ಅದ್ರಲ್ಲಿ ಮೂರನೇ ಒಂದು ಪಾಲು ಅಸಲಿಗೇ ವಾಪಸ್ ಸೇರಿಸಬೇಕು ಅಂತ ಇಟ್ಕೊಳ್ಳಿ. ಉಳಿದದ್ರಲ್ಲಿ ಸಂಸಾರ ನಡೆಯುತ್ತೆ ಅಂದ್ರೆ ಮಾರಿ. ಭಾನುವಾರ ಸಿಗ್ತೀನಿ, ಪೆನ್ನು ಕಾಗದ ತರ್ತೀನಿ, ಕೂತು ಲೆಕ್ಕ ಮಾಡೋಣ.